ಹಳೇ ಮನೆ ಕೊಳ್ಳುವಿರಾ? ಮೊದಲು ಮಾಳಿಗೆ ಹತ್ತಿ ನೋಡಿ

"ಅಕ್ಕಾ, ಪೇಟೆಯೊಳಗ ಒಂದು ಹಳೇ ಮಾಳಿಗಿ ಮನಿ ನೋಡೀವಿ. ಬ್ಯಾಂಕಿನ ಇಂಜಿನಿಯರು ಬಂದು ನೋಡಿ ಸಾಲ ಕೊಡಬಹುದು ಅಂದಾರ. ಜಾಗದ ಸರ್ವೇನೂ ಆಗೇತಿ. ಇನ್ನ ಮುಂಗಡ ಕೊಡಬಹುದೇನ್ರಿ?" ಎಂದು ಹೊಸಪೇಟೆಯ ಸೋದರಿಯೊಬ್ಬರು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ, ತಮ್ಮ ನಾಲ್ಕು ಬಳೆಗಳೂ ಈ ಮನೆಗೇ ಹೋಗುತ್ತವೆ ಎಂದು ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಆ ಸಣ್ಣಕ್ಷರ ಓದಿದ ಮೇಲೆ ಬೇರೆ ಪತ್ರಗಳನ್ನೆಲ್ಲ ಬದಿಗಿಟ್ಟು ಇದಕ್ಕೇ ಉತ್ತರ ಬರೆಯಲು ಕುಳಿತೆ.

ಕೊಡಬೇಡಿ ತಂಗೀ, ಸ್ವಲ್ಪ ತಡೀರಿ. ನಿಮ್ಮ ಮನೆಯನ್ನು ಇಬ್ಬರು ನೋಡಿದ್ದಾರೆ, ನಿಜ. ಆದರೆ ನಿಮಗಾಗಿ ಇನ್ನೂ ಯಾರೂ ನೋಡಿಲ್ಲ.

ಸರ್ವೆಯವರು ಅಳೆಯುವುದು ನೆಲವನ್ನು. ಪೂರ್ವಕ್ಕೆ ಇಷ್ಟು ಅಡಿ, ಪಶ್ಚಿಮಕ್ಕೆ ಇಷ್ಟು ಅಡಿ, ಚಕ್ಕುಬಂದಿ ಇಂಥದ್ದು. ಅದು ಬೇಕೇ ಬೇಕು. ಆದರೆ ತೊಲೆ ಟೊಳ್ಳಾಗಿದೆಯೇ ಎಂದು ಅವರ ಅಳತೆ ಹೇಳುವುದಿಲ್ಲ. ಬ್ಯಾಂಕಿನ ಇಂಜಿನಿಯರು ನೋಡುವುದು, ನಾಳೆ ನೀವು ಕಂತು ಕಟ್ಟದಿದ್ದರೆ ಈ ಮನೆ ಮಾರಿ ಬ್ಯಾಂಕಿನ ಹಣ ವಾಪಸ್ಸು ಬರುತ್ತದೆಯೇ ಎಂದು. ಪೇಟೆಯ ಮಧ್ಯದ ಜಾಗಕ್ಕೇ ಬೆಲೆ ಇರುವಾಗ ಮೇಲಿನ ಮಾಳಿಗೆ ಹೇಗಿದ್ದರೆ ಅವರಿಗೇನು?

ಇದನ್ನು ನಾನು ಕಲಿತದ್ದು ಕಂಪ್ಲಿಯಲ್ಲಿರುವ ನನ್ನ ತಂಗಿಯ ಮನೆಯಿಂದ. ಬಾಗಿಲ ಚೌಕಟ್ಟಿನ ಕೆತ್ತನೆಗೆ ಮರುಳಾಗಿ ಅವಳ ಯಜಮಾನರು ಮನೆ ಗೊತ್ತು ಮಾಡಿದರು. ಬ್ಯಾಂಕಿನಿಂದ ಬಂದವರು ಟೇಪು ಹಿಡಿದು ಕಾಲು ಗಂಟೆ ಅಳೆದು, ಕಾಫಿ ಕುಡಿದು ಹೋದರು. ಎರಡನೇ ಮಳೆಗಾಲದಲ್ಲಿ, ರಾತ್ರಿ, ಅಡಿಗೆಮನೆಯ ತೊಲೆ ಗೋಡೆಯಿಂದ ಜಾರಿ ಮಣ್ಣೆಲ್ಲ ಒಲೆಯ ಮೇಲೆ ಬಿತ್ತು. ದೇವರು ದೊಡ್ಡವನು, ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ತೊಲೆಗೆ ಹೊಸದಾಗಿ ಬಣ್ಣ ಬಳಿದಿದ್ದರು, ಗೋಡೆಯೊಳಗಿನ ತುದಿಯನ್ನು ಗೆದ್ದಲು ತಿಂದು ಹಾಕಿತ್ತು. ಆಮೇಲೆ ಬ್ಯಾಂಕಿನ ವರದಿ ತೆಗೆದು ಓದಿದೆವು. ಉದ್ದ, ಅಗಲ, ಮನೆಯ ವಯಸ್ಸು, ಬೆಲೆ ಎಲ್ಲ ಇತ್ತು. ಒಂದಕ್ಷರ ಸುಳ್ಳಿರಲಿಲ್ಲ. ಮಾಳಿಗೆಯ ಮಾತನ್ನು ಅವರಿಗೆ ಯಾರೂ ಕೇಳಿರಲಿಲ್ಲ, ಅವರು ಬರೆದಿರಲಿಲ್ಲ. ತಂಗಿಯ ಕೈ ಇಂದಿಗೂ ಬರಿದು, ಗಾಜಿನ ಬಳೆ ಮಾತ್ರ.

ಆದ್ದರಿಂದ ನಿಮಗೆ ಬೇಕಾದದ್ದು ಮೂರನೆಯ ಸರ್ವೆ, ಕಟ್ಟಡದ ಪರೀಕ್ಷೆ. ನಿಮ್ಮದೇ ಹಣ ಕೊಟ್ಟು, ಕಟ್ಟಡದ ಬಲ ನೋಡುವ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ಕರೆಯುವ ಮುಂಚೆಯೇ ಕೇಳಿ: ಮಣ್ಣಿನ ಮಾಳಿಗೆ ಮನೆ ಹಿಂದೆ ನೋಡಿದ್ದೀರಾ? ಬಂದ ಕೂಡಲೇ "ಇದೆಲ್ಲಾ ಕೆಡವಿ ಆರ್‌ಸಿಸಿ ಹಾಕಿಸಿಬಿಡಿ" ಎನ್ನುವವರು ಬೇಡ, ಅವರು ನೋಡಲು ಬಂದವರಲ್ಲ, ಕಟ್ಟಲು ಬಂದವರು. ಜೊತೆಗೆ ವಯಸ್ಸಾದ ಒಬ್ಬ ಬಡಗಿಯನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ. ಮರದ ಮಾತು ಬಡಗಿಗೆ ತಿಳಿದಷ್ಟು ಪುಸ್ತಕ ಓದಿದವರಿಗೆ ತಿಳಿಯುವುದಿಲ್ಲ. ಯಾವ ತೊಲೆ ಬದಲಿಸಬೇಕು, ಯಾವುದು ಇನ್ನೂ ಬಾಳುತ್ತದೆ, ಖರ್ಚೆಷ್ಟು ಎಂದು ಫೋಟೋ ಸಮೇತ ಬರೆಸಿಕೊಳ್ಳಿ. ಬೆಲೆ ಇಳಿಸಲು ಆ ಕಾಗದವೇ ನಿಮಗೆ ಆಧಾರ.

ನೀವೂ ಸುಮ್ಮನೆ ಪಡಸಾಲೆಯಲ್ಲಿ ಕೂರಬೇಡಿ, ಸೆರಗು ಸಿಕ್ಕಿಸಿ ಮಾಳಿಗೆ ಹತ್ತಿ. ಬೆಳಕಿಂಡಿಯ ಅಂಚಿನಲ್ಲಿ ಮಣ್ಣು ಎಷ್ಟು ದಪ್ಪವಿದೆ ಎಂದು ಕಾಣುತ್ತದೆ. ನಮ್ಮ ಕಡೆ ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಸವಳು ಮಣ್ಣು ಹಾಕಿ ಬಡಿಯುವುದು ರೂಢಿ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪನದರ ಮೇಲೆ ಮಗ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಸುಮಾರು ನಾಲ್ಕೂವರೆ ಟನ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 50 ಕೆ.ಜಿ.ಯ 90 ಅಕ್ಕಿ ಮೂಟೆ! ಅದೂ ಒಣಗಿದಾಗ, ಮಳೆ ನೀರು ಕುಡಿದರೆ ಇನ್ನೂ ಹೆಚ್ಚು. ಅದರ ಮೇಲೆ ಸಿಮೆಂಟು ಬಳಿದಿದ್ದರೆ ಇನ್ನೂ ಎಚ್ಚರ. ಸಿಮೆಂಟು ಬಿರುಕು ಬಿಟ್ಟಲ್ಲಿ ನೀರು ಒಳಗಿಳಿಯುತ್ತದೆ, ಆರಲು ದಾರಿ ಇರುವುದಿಲ್ಲ, ಕೆಳಗೆ ಜಂತಿಗಳು ಕೊಳೆಯುತ್ತವೆ.

ತೊಲೆಯನ್ನು ನಡುವೆ ನೋಡಿದರೆ ಸಾಲದು, ಗೋಡೆಯೊಳಗೆ ಹೋಗುವ ತುದಿಯಲ್ಲಿ ನೋಡಬೇಕು. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ, ಟೊಳ್ಳು ಸದ್ದು ಬಂದರೆ ದಬ್ಬಳ ಚುಚ್ಚಿಸಿ. ಸಲೀಸಾಗಿ ಒಳಗಿಳಿದರೆ ಆ ತೊಲೆ ಮುಗಿದಂತೆಯೇ. "ಬಣ್ಣ ಕೆಡ್ತದ" ಎಂದು ಮಾರುವವರು ಚುಚ್ಚಲು ಬಿಡದಿದ್ದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಗೋಡೆಯಲ್ಲಿ ಬಿರುಕಿದ್ದರೆ ಹೆದರಬೇಕಾಗಿಲ್ಲ, ಅದು ಹಳೆಯದೋ ಬೆಳೆಯುತ್ತಿರುವುದೋ ತಿಳಿದರೆ ಸಾಕು. ಅನ್ನದ ಗಂಜಿಯಿಂದ ಬಿರುಕಿನ ಮೇಲೆ ತೆಳುವಾದ ಕಾಗದ ಅಂಟಿಸಿ, ತಾರೀಖು ಬರೆದು ಬನ್ನಿ. ಒಂದೆರಡು ತಿಂಗಳಲ್ಲಿ ಅದು ಬಿರುಕಿನ ಉದ್ದಕ್ಕೆ ಹರಿದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಅರ್ಥ. ನೆಲದಿಂದ ಎರಡು ಮೂರಡಿಯವರೆಗೆ ಬಿಳಿ ಉಪ್ಪು ಅರಳಿ ಗಿಲಾವು ಉದುರುತ್ತಿದ್ದರೆ ಅದು ನೆಲದ ತೇವ. ಹೊಸಪೇಟೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇನ್ನೂ ಹರಿಯುತ್ತಿವೆಯಲ್ಲ, ಅವುಗಳ ಆಸುಪಾಸಿನ ಮನೆಯಾದರೆ ಇದನ್ನು ಮೊದಲು ನೋಡಿ. ಹಾಗೆಯೇ ಒಳಗೆಲ್ಲ ಕಾಲು ಅಪ್ಪಳಿಸುತ್ತ ಒಮ್ಮೆ ನಡೆದುಬಿಡಿ. ಎಲ್ಲಾದರೂ ಟೊಳ್ಳೆನಿಸಿದರೆ ಅದು ಹಿಂದಿನವರ ಜೋಳದ ಹಗೇವು ಇರಬಹುದು, ಸರಿಯಾಗಿ ತುಂಬಿರದಿದ್ದರೆ ನೆಲ ಕುಸಿಯುತ್ತದೆ. ಪಕ್ಕದ ಮನೆಯ ತೊಲೆ ನಿಮ್ಮ ಗೋಡೆಯ ಮೇಲೆ ಕೂತಿದೆಯೇ ಎಂದೂ ಕೇಳಿ. ನಡುಗೋಡೆಯ ಜಗಳ ಮಕ್ಕಳ ಕಾಲಕ್ಕೂ ಮುಗಿಯದು.

ಹೊಸ ಸುಣ್ಣ ಹೊಡೆಸಿದ ವಾರ ಮನೆ ನೋಡಲು ಹೋಗಬೇಡಿ, ಜೋರು ಮಳೆ ಬಂದ ಮಾರನೇ ದಿನ ಹೋಗಿ. ಕಂಪ್ಲಿಯಲ್ಲಿ ನದಿಯ ದಂಡೆಗಾದರೆ 2009ರಲ್ಲಿ, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವರನ್ನಲ್ಲ, ಎದುರು ಮನೆಯ ಅಜ್ಜಿಯನ್ನು ಕೇಳಿ. ಸಂಡೂರಿನಲ್ಲಾದರೆ ಗುಡ್ಡದಿಂದ ಇಳಿಯುವ ನೀರಿನ ದಾರಿ ಯಾವುದೆಂದು ವಿಚಾರಿಸಿ.

ಹಂಪಿ, ಕಮಲಾಪುರ, ಆನೆಗೊಂದಿ ಕಡೆಯ ಮಾತು ಬೇರೆ. ಅಲ್ಲಿ ಮನೆ ಎಷ್ಟೇ ಗಟ್ಟಿಯಾಗಿರಲಿ, ಅದು ನಿಂತ ಜಾಗವೇ ಮುಖ್ಯ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅಲ್ಲಿಂದಾಚೆ ಮತ್ತೆ 200 ಮೀಟರಿನವರೆಗೆ ಅನುಮತಿ ಬೇಕು. ಹಳೆಯದರ ರಿಪೇರಿಗೂ ಅನುಮತಿ ಬೇಕು. ಇದಲ್ಲದೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳೂ ಇವೆ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ಎಬ್ಬಿಸಿದ್ದು ನಿಮಗೆ ನೆನಪಿರಬಹುದು. ತೊಲೆ ಬದಲಿಸಲು ಅಪ್ಪಣೆ ಸಿಗದ ಮನೆಯಲ್ಲಿ ತೊಲೆ ಪರೀಕ್ಷೆ ಮಾಡಿಸಿ ಏನು ಪ್ರಯೋಜನ?

ಕಾಗದಪತ್ರದ ವಿಚಾರ ವಕೀಲರು ನೋಡಿಕೊಳ್ಳುತ್ತಾರೆ, ಎರಡೇ ಮಾತು ಹೇಳುತ್ತೇನೆ. 1953ಕ್ಕೆ ಮುಂಚೆ ಹೊಸಪೇಟೆ, ಕಂಪ್ಲಿ ಮದರಾಸಿಗೆ ಸೇರಿದ್ದವು, ಸಂಡೂರು 1949ರವರೆಗೆ ಬೇರೆ ಸಂಸ್ಥಾನ. ಹಾಗಾಗಿ ಹಳೇ ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ "ಓದಲು ಬಾರದು" ಎಂದು ಬಿಡಬೇಡಿ, ಓದಿಸಿ. ಇನ್ನೊಂದು, ಪಿತ್ರಾರ್ಜಿತ ಮನೆಯಾದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯೂ ಇರಲಿ. ನಮ್ಮ ರಾಜ್ಯದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಮಗಳಿಗೂ ಮಗನಷ್ಟೇ ಪಾಲಿದೆ. "ಅಕ್ಕ ತಂಗೇರು ಏನೂ ಅನ್ನಂಗಿಲ್ರಿ" ಎಂದು ಅಣ್ಣಂದಿರು ಹೇಳಿದರೆ, ಆ ಮಾತನ್ನು ಅಕ್ಕತಂಗಿಯರ ಬಾಯಿಂದಲೇ ಕೇಳಿ.

ಹೊಸಪೇಟೆಯ ತಂಗೀ, ಮಾರುವವರು ಅವಸರ ಮಾಡಿದರೆ ಪೂರ್ತಿ ಮುಂಗಡ ಬೇಡ. ಕಟ್ಟಡದ ವರದಿ ಸರಿಬಂದರೆ ಮಾತ್ರ ವ್ಯಾಪಾರ, ಇಲ್ಲದಿದ್ದರೆ ಹಣ ವಾಪಸ್ಸು ಎಂದು ವಕೀಲರಿಂದ ಕರಾರು ಬರೆಸಿ, ಸಣ್ಣ ಮೊತ್ತ ಕೊಡಿ. ಬಳೆಗಳು ಅಲ್ಲಿಯವರೆಗೆ ಕೈಯಲ್ಲೇ ಇರಲಿ. ಕಾಗದದ ಪಟ್ಟಿ ಹರಿಯಿತೋ ಇಲ್ಲವೋ ನನಗೆ ಬರೆದು ತಿಳಿಸಿ. ತೊಲೆಗೆ ಗೆದ್ದಲು ಹತ್ತದಂತೆ ಏನು ಮಾಡಬೇಕೆಂದು ಸಂಡೂರಿನಿಂದ ಇಬ್ಬರು ಕೇಳಿದ್ದಾರೆ, ಅದು ಮುಂದಿನ ಸಂಚಿಕೆಗೆ.