ಹಕ್ಕು ಅಪ್ಪನದು, ಕೂಸು ಅಜ್ಜಿಯ ಮಡಿಲಲ್ಲಿ

ಹೆಂಡತಿ ತೀರಿಕೊಂಡಳು, ತವರಿನವರು ಕೂಸನ್ನು ಎತ್ತಿಕೊಂಡು ಮುಂಡಗೋಡ ತಾಲ್ಲೂಕಿನ ಇಂದೂರಕ್ಕೆ, ಅಜ್ಜಿಯ ಮನೆಗೆ ಹೋದರು ಎಂದಿಟ್ಟುಕೊಳ್ಳಿ. ತಂದೆಗೆ ಹುಬ್ಬಳ್ಳಿಯಲ್ಲಿ ಕೆಲಸ. ‘ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ’ ಅಂದ. ನಾಲ್ಕು ವರ್ಷ ಕಳೆಯಿತು. ಈಗ ಎರಡನೇ ಮದುವೆಯಾಗಿ ಬಾಗಿಲಿಗೆ ಬಂದು ‘ನನ್ನ ಮಗನ್ನ ನನಗ ಕೊಡ್ರಿ’ ಎಂದರೆ, ‘ಕೊಡಾಂಗಿಲ್ಲ, ಏನ್ ಮಾಡ್ಕೋತಿ ಮಾಡ್ಕೋ’ ಎಂದು ಅಜ್ಜಿ ಬಾಗಿಲು ಹಾಕುತ್ತಾಳೆ. ಇಂದೂರವೇ ಆಗಬೇಕೆಂದಿಲ್ಲ, ಇಂಥ ಜಗಳ ಯಾವ ಊರಿನಲ್ಲೂ ನಡೆದೀತು.

ಕಟ್ಟೆಯ ಮೇಲಿನ ತೀರ್ಪು ಸುಲಭ: ಅಪ್ಪನ ಮಗ ಅಪ್ಪನಿಗೆ. ಕಾಗದದ ಮೇಲೆ ಅದು ಹೌದು. 1956ರ ಹಿಂದೂ ಪಾಲಕತ್ವ ಕಾಯಿದೆಯಲ್ಲಿ ತಂದೆಯೇ ಸಹಜ ಪಾಲಕ. ಅಜ್ಜ ಅಜ್ಜಿಯ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಎರಡನೇ ಮದುವೆಯಾದ ಎಂಬುದೊಂದೇ ಕಾರಣಕ್ಕೆ ತಂದೆ ಅನರ್ಹನೂ ಅಲ್ಲ. ಆದರೆ ಅದೇ ಕಾಯಿದೆಯ 13ನೇ ಕಲಮು, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಹೇಳಿ ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತದೆ. (ಮುಸ್ಲಿಂ ಮನೆಗಳ ಮಾತು ಬೇರೆ. ಹನಫಿ ಪದ್ಧತಿಯಲ್ಲಿ ತಾಯಿ ಇಲ್ಲದ ಎಳೆಗೂಸನ್ನು ಸಾಕುವ ಮೊದಲ ಸರದಿಯೇ ತಾಯಿಯ ತಾಯಿಯದು.)

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2010ರದು ಮಹಾರಾಷ್ಟ್ರದ ಪ್ರಕರಣ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿ ತೀರಿದ್ದಳು, ಹುಡುಗನನ್ನು ಸಾಕಿದವನು ತಾಯಿಯ ತಂದೆ. ಹುಡುಗನಿಗೆ 12 ತುಂಬುವ ತನಕ ಅಜ್ಜನ ಹತ್ತಿರವೇ ಇರಲಿ, ತಂದೆ ಬಂದು ನೋಡಿಕೊಂಡು ಹೋಗಲಿ ಎಂದಿತು ಕೋರ್ಟು. 2025ರದು ಉತ್ತರ ಪ್ರದೇಶದ್ದು. ಆ ಹುಡುಗ ತಾಯಿ ಸಾಯುವ ತನಕ, ಹತ್ತಿರ ಹತ್ತಿರ ಹತ್ತು ವರ್ಷ, ಅಪ್ಪ ಅಮ್ಮನ ಜೊತೆಗೇ ಬೆಳೆದವ. ಅಜ್ಜ ಅಜ್ಜಿಯ ಹಕ್ಕು ತಂದೆಯದಕ್ಕಿಂತ ದೊಡ್ಡದಲ್ಲ, ಒಪ್ಪಿಸಿ ಎಂದಿತು ಅದೇ ಕೋರ್ಟು.

ಕಾನೂನು ಒಂದೇ. ಬೇರೆಯಾದದ್ದು ಮಗು ಬೆಳೆದ ಮನೆ. ‘ಆಮೇಲೆ ನೋಡೋಣ’ ಎಂದು ಕಳೆದ ಒಂದೊಂದು ವರ್ಷವೂ ಅಜ್ಜಿಯ ಪರ ಸಾಕ್ಷಿ ಹೇಳುತ್ತದೆ. ಹಾಗಂತ, ತಂದೆ ಬಂದ ಸುದ್ದಿ ಕೇಳಿದ್ದೇ ಕೂಸನ್ನು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ದಾಟಿಸುವ ಅಜ್ಜಿಗೂ ಕೋರ್ಟಿನಲ್ಲಿ ಅದೇ ಮುಳುವಾದೀತು.

ವಕೀಲರು ಗಾರ್ಡಿಯನ್ ಆಕ್ಟ್ ಎನ್ನುವ 1890ರ ಕಾಯಿದೆಯಂತೆ ಅರ್ಜಿ ಹಾಕಬೇಕಾದ್ದು ತಂದೆಯ ಊರಿನಲ್ಲಲ್ಲ, ಮಗು ವಾಸವಿರುವ ಕಡೆ. ಅಂದರೆ ಹುಬ್ಬಳ್ಳಿಯಾತ ಉತ್ತರ ಕನ್ನಡದ ಕೋರ್ಟಿಗೇ ಬರಬೇಕು. ಮೇಲ್ಮನವಿಗೆ ಧಾರವಾಡ ಹೈಕೋರ್ಟ್ ಪೀಠವಿದೆ. 2008ಕ್ಕೆ ಮೊದಲು ಅದಕ್ಕೂ ಬೆಂಗಳೂರಿನ ಬಸ್ಸೇ ಹತ್ತಬೇಕಿತ್ತು. ಖರ್ಚಿನ ಲೆಕ್ಕದಲ್ಲಿ ಅಜ್ಜಿಯ ಕೈ ಮೇಲು: 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲ ಸಿಗುತ್ತಾರೆ. ಇದು ಎಷ್ಟೋ ಅಜ್ಜಿಯರಿಗೆ ಗೊತ್ತೇ ಇಲ್ಲ.

ತಂದೆ ಮೊದಲು ಕೇಳಬೇಕಾದ್ದು ಮಧ್ಯಂತರ ಆದೇಶ, ವಾರಕ್ಕೊಮ್ಮೆ ಭೇಟಿ, ರಜೆಯಲ್ಲಿ ನಾಲ್ಕು ದಿನ. ತಿಳುವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಕೇಳಬಹುದು. ಆ ದಿನ ಹುಡುಗ ಅಪ್ಪನ ಮುಖ ನೋಡಿ ‘ಇವ್ರು ಯಾರು?’ ಅಂದರೆ, ಯಾವ ವಕೀಲ ಏನು ವಾದ ಮಾಡ್ಯಾನು?