ಅಮೆರಿಕದ ಕಾರ್ಮಿಕರಿಗೆ ಯೂನಿಯನ್ ಬೇಡವಾಗಿದೆಯೇ?

'ಅಮೆರಿಕದಲ್ಲಿ ಯೂನಿಯನ್‌ಗಳ ಕಥೆ ಮುಗಿಯಿತು, ಅವು ಅಲ್ಲಿನ ಜನರಿಗೇ ಬೇಡ' ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಸದಸ್ಯರು ಕಡಿಮೆಯಾಗಿರುವುದು ಹೌದು. 1983ರಲ್ಲಿ ನೂರು ನೌಕರರಲ್ಲಿ 20 ಮಂದಿ ಯೂನಿಯನ್‌ನಲ್ಲಿದ್ದರು; 2024ರಲ್ಲಿ 10ಕ್ಕಿಂತ ತುಸು ಕಡಿಮೆ. ಖಾಸಗಿ ಕಂಪನಿಗಳಲ್ಲಂತೂ ಆರು ಮಂದಿಯೂ ಇಲ್ಲ. ಆದರೆ ಅದೇ ವರ್ಷದ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 70ರಷ್ಟು ಜನ ಯೂನಿಯನ್‌ಗಳ ಪರವಾಗಿದ್ದರು!

ಮತ್ತೆ ತೊಡಕು ಎಲ್ಲಿ? ಕಾನೂನಿನಲ್ಲಿ. ಅಲ್ಲಿ ಯೂನಿಯನ್‌ಗೆ ಮಾನ್ಯತೆ ಸಿಗಲು ಸಾಮಾನ್ಯವಾಗಿ ಕೆಲಸದ ಜಾಗದಲ್ಲೇ ಮತದಾನ ನಡೆದು ಬಹುಮತ ಬರಬೇಕು. ಯೂನಿಯನ್ ಕಟ್ಟಲು ಹೊರಟವರನ್ನು ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ 1935ರ ಕಾಯ್ದೆ. ತೆಗೆದರೆ? ಆ ಕಾಯ್ದೆಯಲ್ಲಿ ಕಂಪನಿಗೆ ದಂಡವೇ ಇಲ್ಲ. ತಪ್ಪಿದ ಸಂಬಳ ಕೊಟ್ಟು ವಾಪಸ್ ಸೇರಿಸಿಕೊಳ್ಳಬೇಕು, ಅಷ್ಟೇ. ಅದರಲ್ಲೂ ಆತ ಈ ಮಧ್ಯೆ ಬೇರೆಡೆ ದುಡಿದದ್ದನ್ನು ಕಳೆಯುತ್ತಾರೆ. ತೀರ್ಪು ಬರುವಷ್ಟರಲ್ಲಿ ಉಳಿದವರು ಹೆದರಿ ಸುಮ್ಮನಾಗಿರುತ್ತಾರೆ.

ಗೆದ್ದರೂ ಅಲ್ಲಿಗೇ ಮುಗಿಯುವುದಿಲ್ಲ. ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್‌ನಲ್ಲಿರುವ ಅಮೆಜಾನ್ ಗೋದಾಮಿನಲ್ಲಿ 2022ರ ಏಪ್ರಿಲ್‌ನಲ್ಲಿ ಯೂನಿಯನ್ ಪರ 2,654, ವಿರುದ್ಧ 2,131 ಮತ ಬಿದ್ದವು. ಕಂಪನಿ ಫಲಿತಾಂಶವನ್ನೇ ಪ್ರಶ್ನಿಸಿತು. ಮೂರು ವರ್ಷ ಕಳೆದರೂ ಒಪ್ಪಂದ ಆಗಲಿಲ್ಲ. ಮಾತುಕತೆಗೆ ಕೂರಬೇಕು ಎನ್ನುವ ಕಾನೂನು, ಒಪ್ಪಲೇಬೇಕು ಎನ್ನುವುದಿಲ್ಲ.

ಹೊಲದ ಕೂಲಿಗಳು, ಮನೆಗೆಲಸದವರು ಮೊದಲಿನಿಂದಲೂ ಈ ಕಾಯ್ದೆಯ ಹೊರಗೆ. ಆ್ಯಪ್ ಟ್ಯಾಕ್ಸಿ ಓಡಿಸುವವರನ್ನು ಕಂಪನಿಗಳು 'ನೌಕರ' ಎಂದು ಒಪ್ಪುವುದೇ ಇಲ್ಲ. ಹೀಗಾಗಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2024ರ ನವೆಂಬರ್‌ನಲ್ಲಿ ಆ ಚಾಲಕರಿಗೆ ಯೂನಿಯನ್ ಕಟ್ಟುವ ಹಕ್ಕನ್ನು ಬೇರೆಯಾಗಿಯೇ ಮಂಜೂರು ಮಾಡಬೇಕಾಯಿತು.