ಕ್ಲೀನರಿಲ್ಲದ ಲಾರಿ

2025ರ ಏಪ್ರಿಲ್ ನಡುವೆ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿ, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಡೀಸೆಲಿನ ಮೇಲಿನ ಮಾರಾಟ ತೆರಿಗೆ ಶೇಕಡಾ 18.44ರಿಂದ 21.17ಕ್ಕೆ ಏರಿದ್ದು, ಟೋಲಿನ ಹೊರೆ, ಗಡಿಯ ತನಿಖಾ ಠಾಣೆಗಳು—ಆಗ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಇವುಗಳ ಸುತ್ತಲೇ ತಿರುಗಿತು. ದೂರುಗಳು ನ್ಯಾಯವಾದವೇ ಇರಬಹುದು. ಆದರೆ ಇದೇ ಮಾಲೀಕರು ಬೇರೆ ಸಮಯದಲ್ಲಿ ಹೇಳುವ ಇನ್ನೊಂದು ಮಾತಿದೆ: ಲಾರಿಗಳಿವೆ, ಓಡಿಸುವವರು ಸಿಗುತ್ತಿಲ್ಲ. ಈ ಮಾತಿಗೆ ಉತ್ತರ ಹುಡುಕುವವರು ಡೀಸೆಲಿನ ದರಪಟ್ಟಿಯನ್ನು ನೋಡಿ ಪ್ರಯೋಜನವಿಲ್ಲ. ಲಾರಿಯ ಎಡಗಡೆಯ ಆಸನವನ್ನು ನೋಡಬೇಕು. ಅದು ಖಾಲಿಯಾಗಿ ಕೆಲವು ಕಾಲವಾಯಿತು.

ನಾನಿರುವುದು ವಿಜಯನಗರದಲ್ಲಿ. ಒಂದು ಮಗ್ಗುಲಿಗೆ ಮಾಗಡಿ ರಸ್ತೆ, ಇನ್ನೊಂದು ಮಗ್ಗುಲಿಗೆ ಮೈಸೂರು ರಸ್ತೆ. ಇವೆರಡರ ನಡುವೆ ಬದುಕುವವನಿಗೆ ಲಾರಿಯ ಸದ್ದು ಅಪರಿಚಿತವಲ್ಲ. ಬಸವೇಶ್ವರನಗರವನ್ನು ದಾಟಿ ಮಾಗಡಿಯ ಕಡೆಗೆ ಹೋದರೆ ಸುಂಕದಕಟ್ಟೆ ಎಂಬ ಊರಿನ ಹೆಸರೇ ಸರಕು ಸಾಗಣೆಯ ಚರಿತ್ರೆಯ ಒಂದು ಸಾಲು. ನಗರದೊಳಕ್ಕೆ ಬರುವ ಸರಕಿನ ಮೇಲೆ ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ತೆರಿಗೆ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. ಕಟ್ಟೆ ಹೋಗಿ ಹೆಸರು ಉಳಿಯಿತು; ಈಗ ಸುಂಕವೆಂಬುದು ಲಾರಿಯ ಮುಂದಿನ ಗಾಜಿಗೇ ಅಂಟಿಕೊಂಡು ಊರೂರು ತಿರುಗುತ್ತಿದೆ! ಈ ರಸ್ತೆಗಳ ಬದಿಯ ಚಹದಂಗಡಿಗಳಲ್ಲಿ ಕೆಲಸ ಬಿಟ್ಟ ಹಳೆಯ ಡ್ರೈವರರು ಸಂಜೆಯ ಹೊತ್ತು ಕೂಡುವುದುಂಟು. ಅವರ ಮಾತು ಕೇಳುವುದು ನನ್ನ ನಿವೃತ್ತಿಯ ದಿನಗಳ ಒಂದು ಹವ್ಯಾಸ.

ಹಳಬರ ನೆನಪಿನಲ್ಲಿ ಲಾರಿಗಿಂತ ಹೆಚ್ಚಾಗಿ ಬರುವವನು ಕ್ಲೀನರು. ಬೆಡ್‌ಫರ್ಡ್, ಫಾರ್ಗೊ ಗಾಡಿಗಳ ಕಾಲ. 1954ರ ಟಾಟಾ–ಮರ್ಸಿಡಿಸ್ ಒಪ್ಪಂದದ ಮೇಲೆ ಜಮ್‌ಷೆಡ್‌ಪುರದಲ್ಲಿ ತಯಾರಾಗಿ ಬಂದ, ಜನ ಬರಿಯ ‘ಬೆಂಜ್’ ಎಂದು ಕರೆದ ಗಾಡಿಗಳ ಕಾಲ. ಸ್ಟೇರಿಂಗು ತಿರುಗಿಸಲು ತೋಳಿನ ಬಲವೇ ಬೇಕು. ಗೇರು ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ಒತ್ತಬೇಕು. ಘಟ್ಟದ ಏರಿನಲ್ಲಿ ಗಾಡಿ ಉಸಿರು ಬಿಟ್ಟಾಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡನ್ನು ಒತ್ತುಕೊಡುವವನು, ಕಾದ ರೇಡಿಯೇಟರಿಗೆ ಹಳ್ಳದಿಂದ ನೀರು ಹೊತ್ತು ತರುವವನು, ಮಳೆಯಲ್ಲಿ ಲೋಡಿನ ಮೇಲೆ ಹತ್ತಿ ಟಾರ್ಪಾಲಿನ ಹಗ್ಗ ಬಿಗಿಯುವವನು ಕ್ಲೀನರು. ಗಾಡಿ ಹಿಂದಕ್ಕೆ ಬರುವಾಗ ಮೈಗೆ ತಟ್ಟುತ್ತ ‘ಬರ್ಲಿ, ಬರ್ಲಿ’ ಎಂದು ಕೂಗಿ, ಕೊನೆಗೆ ‘ಹೋಲ್ಡಾನ್’ ಎನ್ನುವ ಅವನ ದನಿಯ ಮೇಲೆ ಡ್ರೈವರನ ನಂಬಿಕೆಯೆಲ್ಲ ನಿಂತಿತ್ತು. ಇಷ್ಟಾಗಿ ಅವನ ಮುಖ್ಯವಾದ ಕೆಲಸ ಬೇರೆಯೇ: ರಾತ್ರಿ ಎರಡರ ಮೇಲೆ ಮಾತನಾಡುತ್ತಿರುವುದು. ಮಾತು ಮುಗಿದರೆ ಹಾಡುವುದು. ಡ್ರೈವರನ ಕಣ್ಣು ಮುಚ್ಚಬಾರದು, ಅಷ್ಟೆ.

ಹೀಗೆ ಐದಾರು ವರ್ಷ ಕಳೆದ ಹುಡುಗ ಒಂದು ದಿನ ಬಯಲು ರಸ್ತೆಯಲ್ಲಿ, ನಸುಕಿನಲ್ಲಿ, ಖಾಲಿ ಗಾಡಿಯ ಸ್ಟೇರಿಂಗು ಹಿಡಿಯುತ್ತಿದ್ದ. ಎಂಜಿನ್ನಿನ ಸದ್ದಿನಿಂದಲೇ ರೋಗ ಹೇಳುವ ಗುರುಗಳಿದ್ದರಂತೆ. ಶಿಷ್ಯ ಮೊದಲು ಆ ಸದ್ದನ್ನು ಕಲಿಯಬೇಕು, ಆಮೇಲೆ ಗೇರು. ನನಗೆ ಬಹಳ ಹಿಡಿಸಿದ್ದು ಒಬ್ಬ ಹಿರಿಯರ ಕಥೆ. ಅವರ ಗುರುವಿಗೆ ಅಕ್ಷರ ಬಾರದು. ನಾಲ್ಕನೆಯ ತರಗತಿಯವರೆಗೆ ಓದಿದ್ದ ಇವರು ದಾರಿಯ ಖರ್ಚು, ವಸೂಲಾದ ಬಾಡಿಗೆ, ಹಮಾಲಿಯ ಕೂಲಿ ಎಲ್ಲವನ್ನೂ ಬರೆದಿಡುತ್ತಿದ್ದರು. ಗುರುಗಳು ಅದನ್ನು ಬಾಯಿಲೆಕ್ಕದಲ್ಲಿ ತಪ್ಪು ಹಿಡಿಯುತ್ತಿದ್ದರು! ಮಾಲೀಕನಿಗೆ ಗಾಡಿ ಎಲ್ಲಿದೆಯೆಂಬುದು ಟ್ರಂಕ್ ಕಾಲ್ ಬಂದರೆ ಗೊತ್ತು, ಇಲ್ಲವಾದರೆ ಗಾಡಿ ಬಾಗಿಲಿಗೆ ಬಂದಾಗಲೇ ಗೊತ್ತು. ಆ ಒಂದು ವಾರ ಸಾವಿರಾರು ರೂಪಾಯಿಗಳ ಸರಕಿಗೂ ಹಣಕ್ಕೂ ಡ್ರೈವರನೇ ಯಜಮಾನ. ಹಳಬರು ಹಂಬಲಿಸುವುದು ಹಳೆಯ ರಸ್ತೆಗಲ್ಲ, ಈ ಯಜಮಾನಿಕೆಗೆ ಎಂದು ನನ್ನ ಅಭಿಪ್ರಾಯ.

ಆದರೂ ಆ ಗುರುಕುಲವನ್ನು ಹೊಗಳುವಾಗ ಎಚ್ಚರ ಬೇಕು. ಕ್ಲೀನರಿಗೆ ಸಂಬಳವೆಂಬುದು ಎಷ್ಟೋ ಕಡೆ ಇರಲೇ ಇಲ್ಲ. ಊಟ, ಅಷ್ಟಿಷ್ಟು ಬಾಟಾ, ಉಳಿದದ್ದಕ್ಕೆ ಬೈಗುಳ ಮತ್ತು ಸ್ಪ್ಯಾನರಿನ ಏಟು. ಮಲಗುವುದು ಲೋಡಿನ ಮೇಲೆ. ಹನ್ನೆರಡು ಹದಿಮೂರರ ಹುಡುಗರೂ ಇದ್ದರೆಂದು ಅವರೇ ಹೇಳುತ್ತಾರೆ, ಏನೂ ವಿಶೇಷವಿಲ್ಲವೆಂಬಂತೆ. ಎಷ್ಟು ಮಂದಿ ಸ್ಟೇರಿಂಗಿನವರೆಗೆ ಬರದೆಯೇ ಉಳಿದರೋ ಲೆಕ್ಕ ಇಟ್ಟವರಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗವಾದರೆ 10 ಮತ್ತು 54. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ. ಓದಲು ಸೊಗಸಾಗಿದೆ. ಆದರೆ ಕಾಯಿದೆ ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದು ಲಾರಿ, ಒಬ್ಬ ಡ್ರೈವರು, ಒಬ್ಬ ಕ್ಲೀನರು ಎಂಬ ಮಾಲೀಕ ಅದರ ಕೈಗೆ ಸಿಗುವುದೆಂತು? 1988ರ ಮೋಟಾರು ವಾಹನ ಕಾಯಿದೆ ಗಂಟೆಗಳ ಮಿತಿಯನ್ನು ಎಲ್ಲ ಸಾರಿಗೆ ಡ್ರೈವರರಿಗೂ ವಿಸ್ತರಿಸಿತು. ಆದರೆ ಯಾವ ಠಾಣೆಯಲ್ಲಿಯೂ ತನ್ನನ್ನು ‘ಎಷ್ಟು ಹೊತ್ತು ನಿದ್ದೆ ಮಾಡಿದೆ’ ಎಂದು ಕೇಳಿದವರಿಲ್ಲವೆಂದು ಒಬ್ಬರು ನಕ್ಕರು. 2025ರ ನವೆಂಬರ್ 21ರಿಂದ 1961ರ ಕಾಯಿದೆ ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಗಿದೆ. ಅಲ್ಲಿ ಐದರ ಸ್ಥಳದಲ್ಲಿ ಹತ್ತು ಕೆಲಸಗಾರರೆಂದಿದೆ. ಸಣ್ಣ ಮಾಲೀಕನ ಲಾರಿ ಇನ್ನಷ್ಟು ಹೊರಗುಳಿಯಿತು.

ಹುಡುಗರ ಶೋಷಣೆ ನಿಲ್ಲಬೇಕಾಗಿತ್ತು, ನಿಂತದ್ದು ಒಳ್ಳೆಯದೇ. ಆದರೆ ಶೋಷಣೆಯನ್ನು ತೆಗೆಯುವ ಬದಲು ನಾವು ಆಸನವನ್ನೇ ತೆಗೆದೆವು. ಇಲ್ಲಿ 2018ನ್ನು ನೆನೆಯಬೇಕು. ರಾಷ್ಟ್ರೀಯ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಡ್ರೈವರರಿರಬೇಕೆಂಬ ನಿಯಮವೊಂದಿತ್ತು. ಆಚರಣೆಯಲ್ಲಿ ಆ ಎರಡನೆಯವನು ಲೈಸೆನ್ಸು ಪಡೆದ ಕ್ಲೀನರೇ ಎನ್ನುತ್ತಾರೆ ಹಳಬರು. ಆ ವರ್ಷ ಕೇಂದ್ರ ಸರ್ಕಾರ ನಿಯಮವನ್ನು ತೆಗೆದುಹಾಕಿತು. ಜೊತೆಯಲ್ಲಿಯೇ ಫಾಸ್ಟ್ಯಾಗನ್ನೂ ಗಾಡಿ ಎಲ್ಲಿದೆಯೆಂದು ತಿಳಿಸುವ ಯಂತ್ರವನ್ನೂ ಕಡ್ಡಾಯ ಮಾಡಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಭಾರದ ಮಿತಿಯೂ ಏರಿತು: ನಾಲ್ಕು ಟಯರುಗಳ ಒಂದು ಆಕ್ಸಲಿಗೆ 10.2 ಟನ್ನಿದ್ದದ್ದು 11.5 ಟನ್ನಾಯಿತು. ಒಂದೇ ವರ್ಷದಲ್ಲಿ ಹೊರೆ ಹೆಚ್ಚಿತು, ಮನುಷ್ಯ ಕಡಿಮೆಯಾದ. ಯಂತ್ರಕ್ಕೆ ಗಾಡಿ ಎಲ್ಲಿದೆಯೆಂದು ಗೊತ್ತು. ಡ್ರೈವರು ಎಚ್ಚರವಾಗಿದ್ದಾನೆಯೆ ಎಂದು ಗೊತ್ತಿಲ್ಲ.

ಈ ಗುರುಕುಲದ ಬದಲಿಗೆ ಬಂದ ಶಾಲೆ ಯಾವುದು? 2021ರಿಂದ ಜಾರಿಗೆ ಬಂದ ನಿಯಮಗಳಂತೆ, ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಭಾರಿ ವಾಹನದ ಶಿಕ್ಷಣ ಆರು ವಾರಗಳಲ್ಲಿ 38 ಗಂಟೆ. ಶಿಕ್ಷಣ ಕ್ರಮಬದ್ಧವಾಗಿರಬಹುದು, ಬೇಡವೆನ್ನಲಾರೆ. ಆದರೆ ಶಿರಾಡಿ ಘಟ್ಟದ ಮಳೆಯನ್ನು 38 ಗಂಟೆಗಳಲ್ಲಿ ಕಲಿಸುವ ಮೇಷ್ಟರು ಎಲ್ಲಿದ್ದಾರೋ ನಾನರಿಯೆ. ಸಾಲದೆಂಬಂತೆ, 2019ರವರೆಗೆ ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೆಯ ತರಗತಿಯ ತೇರ್ಗಡೆ ಬೇಕೆಂಬ ವಿಧಿಯಿತ್ತು. ಮೇಲೆ ಹೇಳಿದ ಆ ಗುರು–ಶಿಷ್ಯರಿಬ್ಬರೂ ಅದರಡಿಯಲ್ಲಿ ಅನರ್ಹರು!

2024ರ ಜನವರಿಯಲ್ಲಿ ದೇಶದ ಅನೇಕ ಕಡೆ ಡ್ರೈವರರೇ ಬೀದಿಗಿಳಿದರು. ಅಪಘಾತ ಮಾಡಿ, ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷಗಳವರೆಗೆ ಶಿಕ್ಷೆ ವಿಧಿಸುವ ನ್ಯಾಯ ಸಂಹಿತೆಯ 106(2)ರ ವಿರುದ್ಧ ಆ ಪ್ರತಿಭಟನೆ. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಭಾಗವನ್ನು ತಡೆಹಿಡಿಯಲಾಯಿತು. ಅಪಘಾತದಲ್ಲಿ ನೊಂದವನನ್ನು ಬಿಟ್ಟು ಓಡುವುದು ಕ್ಷಮ್ಯವಲ್ಲ. ಆದರೆ ಹಿಂದೆ ಇಬ್ಬರಿದ್ದರು: ಒಬ್ಬ ಗಾಡಿಯ ಬಳಿ, ಒಬ್ಬ ಠಾಣೆಗೆ. ಈಗ ಕತ್ತಲಲ್ಲಿ, ಕೋಪಗೊಂಡ ಗುಂಪಿನ ಎದುರು, ಒಬ್ಬನೇ ನಿಂತು ಎರಡು ಕೆಲಸವನ್ನೂ ಮಾಡಬೇಕು.

ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಹವಾನಿಯಂತ್ರಣ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿನಲ್ಲಿ ಬೆಂದವರಿಗೆ ಇದು ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ಗೌರವ. ಚಹದಂಗಡಿಯಲ್ಲಿ ಇದನ್ನು ಓದಿ ಹೇಳಿದಾಗ ಹಿರಿಯರೊಬ್ಬರು, “ತಣ್ಣಗಿದ್ರೆ ನಿದ್ದೆ ಇನ್ನೂ ಚೆನ್ನಾಗಿ ಬರುತ್ತೆ ಮೇಷ್ಟ್ರೇ, ಎಬ್ಬಿಸೋರು ಯಾರು?” ಎಂದರು.

ದೂರದ ಮಾರ್ಗಗಳಲ್ಲಾದರೂ ಎರಡನೆಯವನನ್ನು ಮರಳಿ ಕೂರಿಸಬೇಕು: ಹದಿನೆಂಟು ತುಂಬಿದವನನ್ನು, ಸಂಬಳ ಕೊಟ್ಟು, ವಿಮೆ ಮಾಡಿಸಿ, ದಾರಿಯಲ್ಲಿ ಕಲಿತ ದಿನಗಳನ್ನು ಲೈಸೆನ್ಸಿನ ತರಬೇತಿಗೆ ಲೆಕ್ಕ ಹಿಡಿದು. ಸಾರಿಗೆ ವಾಹನ ನಡೆಸಲು ಇಪ್ಪತ್ತು ವರ್ಷ ತುಂಬಿರಬೇಕೆಂದು ಕಾನೂನಿದೆ. ನಡುವಿನ ಎರಡು ವರ್ಷ ಇದಕ್ಕೆಂದೇ ಇದ್ದಂತಿದೆ. ಬಾಡಿಗೆ ಏರುತ್ತದೆ ಎಂದು ಮಾಲೀಕರು ಹೇಳುವರು, ನಿಜ, ಏರುತ್ತದೆ. ಅಕ್ಕಿಯ ಮೂಟೆಗೂ ತೆಂಗಿನಕಾಯಿಗೂ ನಾಲ್ಕಾಣೆ ಎಂಟಾಣೆಯ ಲೆಕ್ಕದಲ್ಲಿ ಅದು ನಮ್ಮ ಮೇಲೆಯೇ ಬೀಳುತ್ತದೆ. ಮುಂದಿನ ಮುಷ್ಕರದ ಮಾತುಕತೆಯಲ್ಲಿ ಡೀಸೆಲಿನ ಜೊತೆಗೆ ಈ ಲೆಕ್ಕವನ್ನೂ ಮೇಜಿನ ಮೇಲಿಡುವವರು ಮಾಲೀಕರೋ ಸರ್ಕಾರವೋ, ಕಾದು ನೋಡಬೇಕಾಗಿದೆ.